ಚಿಗರಿಯ ಬಳಗ

ಮುಧೋಳ ಸೀಮೆಯಲ್ಲಿ ಬೇಟೆನಾಯಿ ಸಾಕುವ ಹಳೆಯ ಮಂದಿಗೆ ಒಂದು ಪದ್ಧತಿ ಉಂಟು. ಮರಿ ಕೇಳಿಕೊಂಡು ಬಂದವನಿಗೆ ಮೊದಲು ಮರಿ ತೋರಿಸುವುದಿಲ್ಲ, ಬಳಗ ತೋರಿಸುತ್ತಾರೆ. ತಾಯಿ ಇದು, ತಂದೆ ಅದು, ಹೋದ ಸೂಲಿನ ಅಣ್ಣ ಇಂಥವರ ಹೊಲ ಕಾಯುತ್ತಾನೆ, ಅಕ್ಕ ಇಂಥ ಊರಲ್ಲಿದ್ದಾಳೆ ಎಂದು ಒಂದೊಂದಾಗಿ ಹೇಳಿ, ಆಗುವುದಿದ್ದರೆ ಕರಕೊಂಡು ಹೋಗಿ ಕಣ್ಣಿಗೆ ಕಾಣಿಸಿ, ಆಮೇಲೆ ಬುಟ್ಟಿಯ ಮೇಲಿನ ಗೋಣಿತಟ್ಟು ಸರಿಸುತ್ತಾರೆ. ಹೆಣ್ಣು ನೋಡಲು ಹೋದಲ್ಲಿ ಮನೆತನ ವಿಚಾರಿಸಿದ ಹಾಗೆ.

ಪರಸಪ್ಪನ ತಂದೆ ಒಮ್ಮೆ ಒಬ್ಬ ಗಿರಾಕಿಯನ್ನು ಬೀಳಗಿಯ ತನಕ ನಡೆಸಿಕೊಂಡು ಹೋಗಿದ್ದ, ಮರಿಯ ಅಕ್ಕನನ್ನು ತೋರಿಸಲಿಕ್ಕೆ. ಹೋಗಿ ನೋಡಿದರೆ ಆ ಅಕ್ಕ ಕುರಿ ಹಿಂಡಿನ ಸಂಗಡ ಹೊಳೆ ದಾಟಿ ಹೋಗಿತ್ತು. ಇಬ್ಬರೂ ಅಲ್ಲೇ ಒಂದು ಗುಡಿಯ ಕಟ್ಟೆಯ ಮೇಲೆ ಎರಡು ದಿನ ಕೂತರು, ಮೂರನೆಯ ದಿನ ನಾಯಿ ನೋಡಿಕೊಂಡೇ ತಿರುಗಿ ಬಂದರು. ಪರಸಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಆ ಕಥೆಯನ್ನು ನಿನ್ನೆ ಮೊನ್ನೆ ಆದ ಹಾಗೆ ಹೇಳುತ್ತಾನೆ, ಹೇಳಿ ಕೊನೆಗೆ ಅಪ್ಪನ ಮಾತನ್ನೇ ಹೇಳುತ್ತಾನೆ. "ಬಳಗ ತೋರಸಲಾರದ ಮರಿ ಕೊಟ್ರ, ಕೊಟ್ಟಂವಗ ಮಾನಿಲ್ಲ, ತಗೊಂಡಂವಗ ನಂಬಿಗಿಲ್ಲ."

ಅವನು ಓದಿದ್ದು ಮೂರನೆಯ ಇಯತ್ತೆ. ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುತ್ತಾನೆ, ಅಷ್ಟೇ. ಆದರೆ ಸೊಸೆ ರಾಜೇಶ್ವರಿ ಅವನಿಗೆ ಫೋನಿನಲ್ಲಿ ಹೆಬ್ಬೆರಳು ಒತ್ತಿ ಹಿಡಿದು ಮಾತಾಡಿ ಕಳಿಸುವುದನ್ನು ಕಲಿಸಿದ ಮೇಲೆ ಮುದುಕನಿಗೆ ಅಡ್ಡಿ ಇಲ್ಲದಂತಾಯಿತು. ಮರಿ ಒಯ್ದವರು ಎಲ್ಲಿದ್ದರೂ ಚಿತ್ರ ಕಳಿಸುತ್ತಿದ್ದರು, ಇವನು ಇಲ್ಲಿಂದ ಮಾತು ಕಳಿಸುತ್ತಿದ್ದ. ಹೊಟ್ಟೆಯಲ್ಲಿ ಜಂತು ಆಗಿದ್ದರೆ ಏನು ಮಾಡಬೇಕು, ಜೋಳದ ರೊಟ್ಟಿಯನ್ನು ಹಾಲಲ್ಲಿ ಎಷ್ಟು ಹೊತ್ತು ನೆನೆಸಬೇಕು, ಬೆನ್ನಿನ ಎಲುಬು ಎಷ್ಟು ಕಂಡರೆ ಚಲೋ. ಹೆಂಡತಿ ಮುತ್ತವ್ವ ಅನ್ನುತ್ತಿದ್ದಳು, "ನನ್ನ ಕೂಡ ಇಡೀ ಜನ್ಮದಾಗ ಆಡಲಾರದಷ್ಟ ಮಾತ ಆ ಫೋನಿಗೆ ಆಡ್ಯಾನ ಇಂವ."

ನಾಲ್ಕು ವರ್ಷದ ಹಿಂದೆ ಸೈನ್ಯದವರು ಬಂದು ಅವನ ಬೆಳ್ಳಿ ಎಂಬ ನಾಯಿಯ ನಾಲ್ಕು ಮರಿ ಒಯ್ದಿದ್ದರು. ಅದರಲ್ಲಿ ಒಂದು ಹೆಣ್ಣು, ಬಾಲದ ತುದಿಗೆ ಬಿಳುಪು, ಎಡಗಿವಿಯಲ್ಲಿ ಒಡಹುಟ್ಟಿದ್ದು ಕಚ್ಚಿ ಮಾಡಿದ ಸಣ್ಣ ಸೀಳು. ಓಟ ನೋಡಿ ಪರಸಪ್ಪ ಅದಕ್ಕೆ ಚಿಗರಿ ಎಂದು ಹೆಸರಿಟ್ಟಿದ್ದ. ನೆರೆಮನೆಯ ಗುರುಸಿದ್ದನ ಮಗ ದುರಗೇಶ ಸೈನ್ಯ ಸೇರಿ, ನಾಯಿ ನಡೆಸುವ ಕೆಲಸ ಕಲಿತು, ಗಡಿಯ ಕಡೆ ಹೋದಾಗ ದೈವವೋ ಏನೋ, ಅವನ ಕೈಗೆ ಕೊಟ್ಟ ಹಗ್ಗದ ತುದಿಯಲ್ಲಿ ನಿಂತದ್ದು ಚಿಗರಿ.

"ಮುತ್ಯಾ, ಕಿವಿ ನೋಡಿ ಗುರ್ತ ಹಿಡದ್ನಿ," ಎಂದು ಅವತ್ತೇ ಫೋನು ಮಾಡಿದ್ದ ದುರಗೇಶ. "ಬೆಳ್ಳಿ ಮಗಳು ನನ್ನ ಪಾಲಿಗೆ ಬಂದಾಳ."

ಮುದುಕ ಅವತ್ತು ಇಡೀ ಓಣಿಗೆ ಬೆಲ್ಲ ಹಂಚಿದ. ಅಲ್ಲಿಂದ ಮುಂದೆ ಹದಿನೈದು ದಿನಕ್ಕೊಮ್ಮೆ ದುರಗೇಶನ ಫೋನು ಬರುವುದು, ಇವನು ಅಪ್ಪನಿಂದ ಕಲಿತ ಪ್ರಶ್ನೆಗಳನ್ನೇ ಕೇಳುವುದು. ಎಂಥ ನೆಲದ ಮೇಲೆ ನಿಂತಾಳ, ಏನು ಉಣ್ತಾಳ, ಜೊತಿಗೆ ಯಾರದಾರ, ಎಷ್ಟು ಓಡ್ತಾಳ.

ಅಷ್ಟರಲ್ಲಿ ಬಂದವನು ರಘುವೀರಶೇಠ. ಬಂದವನು ಅಂದರೆ ಫೋನಿನಲ್ಲಿ ಬಂದವನು. ಪುಣೆಯವನಂತೆ, ಹಿಂದಿಯಲ್ಲಿ ಚಾಚಾ, ಚಾಚಾ ಎನ್ನುವವನು. ಪರಸಪ್ಪನಿಗೆ ನಾಲ್ಕು ಊರು ನಾಯಿ ಮಾರಿ ಬಂದ ಹಿಂದಿ ಇತ್ತು, ಸಾಲುತ್ತಿತ್ತು. ಬೆಳ್ಳಿಯ ಮುಂದಿನ ಸೂಲಿನಲ್ಲಿ ತನಗೊಂದು ಹೆಣ್ಣುಮರಿ ಬೇಕು ಎಂದ. ಇಷ್ಟಾದರೆ ಪರಸಪ್ಪ ಅವನನ್ನು ಹತ್ತರಲ್ಲಿ ಹನ್ನೊಂದನೆಯವನು ಎಂದು ಬಿಡುತ್ತಿದ್ದನೇನೋ. ಆದರೆ ಆ ಮನುಷ್ಯ ಮೊದಲ ದಿನವೇ ಕೇಳಿದ್ದು, "ಚಾಚಾ, ಮರಿ ಆಮೇಲೆ. ಬಳಗ ತೋರಿಸುತ್ತೀರಾ?"

ಈ ಕಾಲದಲ್ಲಿ ಆ ಮಾತು ಕೇಳುವವರು ಯಾರಿದ್ದಾರೆ. ಮುದುಕನ ಎದೆ ತಂಪಾಯಿತು. ಬೆಳ್ಳಿಯನ್ನು ತೋರಿಸಿದ. ತಂದೆ ಸಾವಳಗಿಯಲ್ಲಿತ್ತು, ಅದರ ಚಿತ್ರ ತರಿಸಿ ಕಳಿಸಿದ. ಹಿಂದಿನ ಸೂಲಿನ ಮಕ್ಕಳು ಎಲ್ಲಿ ಎಂದು ಶೇಠ ಕೇಳಿದ. ಸೈನ್ಯದಾಗ ಅದಾವು ಎಂದು ಇವನು ಎದೆ ಉಬ್ಬಿಸಿ ಹೇಳಿದ. ಹಾಗಿದ್ದರೆ ಅವನ್ನೇ ನೋಡಬೇಕಲ್ಲ ಚಾಚಾ, ಎಂದ ಶೇಠ.

ದುರಗೇಶನಿಗೆ ಹೇಳಿದರೆ ಅವನು ಒಲ್ಲೆ ಅಂದ. "ಬರೂದಿಲ್ಲ ಮುತ್ಯಾ. ಇಲ್ಲಿ ಚಿತ್ರ ತಗಿಯಾಕ ಬಿಡೂದಿಲ್ಲ." ಮತ್ತೊಂದು ವಾರ ಬಿಟ್ಟು ಕೇಳಿದ, ಆಗಲೂ ಒಲ್ಲೆ ಅಂದ. ಮೂರನೆಯ ಸಲ ಪರಸಪ್ಪ ಹೆಬ್ಬೆರಳು ಒತ್ತಿ ಹಿಡಿದು ಸಿಟ್ಟಿನಲ್ಲಿ ಮಾತು ಕಳಿಸಿದ. "ನಿನ್ನ ಹೆಗಲ ಮ್ಯಾಲ ಕುಂದರಿಸಿಕೊಂಡು ಸಾಲಿಗೆ ಬಿಟ್ಟಂವ ನಾ. ನನ್ನ ಮನಿ ನಾಯಿದು ಒಂದ ಚಿತ್ರ ಕೇಳಾಕತ್ತೇನಿ. ನನಗೇನ ನಿನ್ನ ಬಂದೂಕ ಬೇಕಾಗೇತೇನು? ಇರ್ಲಿ ಬಿಡಪಾ, ದೊಡ್ಡಾಂವ ಆಗೀದಿ."

ಮರುದಿನ ಚಿತ್ರ ಬಂತು. ಚಿಗರಿ ಉದ್ದಕ್ಕೆ ನಿಂತಿದ್ದಳು. ಹಿಂದೆ ತಂತಿಯ ಬೇಲಿ, ಒಂದು ತಗಡಿನ ಮನೆ, ಒಂದು ಹಲಗೆಯ ಮೇಲೆ ಏನೋ ಅಕ್ಷರ. ಪರಸಪ್ಪ ಕಂಡದ್ದು ಅವಳ ಹಿಂಗಾಲಿನ ಮಡಿಕೆ, ಇಳಿದ ಎದೆ. ಅವನು ಅದನ್ನು ಶೇಠನಿಗೆ ದಾಟಿಸಿ ಹಿಂದೆಯೇ ಮಾತು ಕಳಿಸಿದ, "ಕಾಲ ನೋಡ್ರಿ, ಕಾಲ."

ಆಮೇಲೆ ತಿಂಗಳೊಪ್ಪತ್ತು ಶೇಠ ಒಂದೊಂದೇ ಕೇಳಿದ. ಎಷ್ಟು ಓಡುತ್ತಾಳೆ, ಯಾವ ಹೊತ್ತಿಗೆ, ಒಡಹುಟ್ಟಿದವು ಎಷ್ಟು ಜೊತೆಗಿವೆ, ಮಳೆಗೆ ತಡೆಯುತ್ತಾಳೋ ಇಲ್ಲವೋ. ಎಲ್ಲಾ ಪದ್ಧತಿಯ ಪ್ರಶ್ನೆಗಳೇ. ಪರಸಪ್ಪ ದುರಗೇಶನಿಂದ ಕೇಳಿದ್ದನ್ನೆಲ್ಲ ಬಾಯಿತುಂಬ ಹೇಳಿದ. ಆಮೇಲೆ ಒಂದು ದಿನ ಶೇಠನ ನಂಬರು ಬಂದ್ ಆಯಿತು. ಗಿರಾಕಿ ಮನಸ್ಸು ಬದಲಾಯಿಸಿದ ಎಂದುಕೊಂಡು ಮುದುಕ ಸ್ವಲ್ಪ ಬೇಜಾರಾದ, ಮರೆತ.

ಒಂದು ಮಂಗಳವಾರ ಬೆಳಿಗ್ಗೆ ಅವನು ಬೆಳ್ಳಿಗೆ ರೊಟ್ಟಿ ಮುರಿದು ಹಾಕುತ್ತಿದ್ದಾಗ ಗುರುಸಿದ್ದ ಬಂದು ಅಂಗಳದ ಕಲ್ಲಿನ ಮೇಲೆ ಕೂತ. ಮುಖ ಬಿಳಚಿಕೊಂಡಿತ್ತು.

"ಕಾಕಾ, ದುರಗೇಶನ್ನ ಕೆಲಸದಿಂದ ಇಳಿಸಿ ಕುಂದರಸ್ಯಾರಂತ. ಎಂಟ ದಿನ ಆತು. ಅವನ ಜೋಡಿದಾರ ಫೋನ ಮಾಡಿದ್ದ."

"ಯಾಕೋ?"

"ಅಲ್ಲಿದೊಂದ ಚಿತ್ರ ಹೊರಗ ಹೋಗೇತಂತ. ಗಡಿ ಆಚಿಗೆ ಸುದ್ದಿ ಕೊಡೂ ಮಂದಿ ಕೈಯಾಗ ಸಿಕ್ಕೇತಂತ. ನಾಯಿದೊಂದ ಚಿತ್ರ. ಯಾರಿಗೆ ಕಳಿಸಿದ್ದಿ ಅಂತ ಕೇಳಿದ್ರ ಇಂವ ಬಾಯಿನ ಬಿಡವಲ್ಲ. ಕಳಿಸಿದ್ದು ಖರೆ ಅಂತಾನ, ಯಾರಿಗೆ ಅಂತ ಹೇಳವಲ್ಲ. ಹಿಂಗ ಸುಮ್ನ ಕುಂತ್ರ ದೇಶಾ ಮಾರಿಕೊಂಡಾನ ಅಂತ ಬರಕೋತಾರ ಕಾಕಾ. ನೌಕರಿ ಹೋಗ್ಲಿ, ಹೆಸರು?"

ಪರಸಪ್ಪನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ಉಳಿಯಿತು. ಬೆಳ್ಳಿ ಅದನ್ನು ಮೂತಿಯಿಂದ ಎಳೆದುಕೊಂಡಳು. ಗುರುಸಿದ್ದ ಇನ್ನಷ್ಟು ಹೊತ್ತು ಕೂತು, ಧೋತರದ ಚುಂಗಿನಿಂದ ಮುಖ ಒರಸಿಕೊಂಡು ಎದ್ದು ಹೋದ.

ಪರಸಪ್ಪ ಒಳಗೆ ಬಂದು ಎಲ್ಲವನ್ನೂ ಹೇಳಿದಾಗ ರಾಜೇಶ್ವರಿಯೇ ಮೊದಲು ಮಾತಾಡಿದಳು. ಓದಿದ ಹುಡುಗಿ, ಮುಧೋಳದ ಬ್ಯಾಂಕಿನಲ್ಲಿ ಕೆಲಸ.

"ಮಾವಾರ, ಫೋನ ಕೊಡ್ರಿ. ಎಲ್ಲಾ ಅಳಿಸಿಬಿಡೋಣ. ಚಿತ್ರ, ನಿಮ್ಮ ಮಾತು, ಆ ಶೇಠಂದು, ಎಲ್ಲಾ."

"ಅಳಿಸಿದ್ರ?"

"ನಿಮ್ಮ ತನಕ ಬರೂದಿಲ್ಲ. ದುರಗೇಶ ಹೇಳಂಗಿಲ್ಲ ಅಂದ ಮ್ಯಾಲ ಯಾರಿಗೆ ಗೊತ್ತಾಗತೈತಿ? ಈ ವಯಸ್ಸಿನಾಗ ನೀವು ಜೇಲು ಪಾಲಾದ್ರ…"

ಒಲೆಯ ಮುಂದೆ ಕೂತಿದ್ದ ಮುತ್ತವ್ವ ಹೊರಳಿ ನೋಡಲಿಲ್ಲ. "ಆ ಹುಡುಗ ಬಾಯಿ ಮುಚ್ಚಿಕೊಂಡು ಕುಂತಿದ್ದು ಯಾರ ಸಲುವಾಗಿ?" ಅಂದಳು. ಅಷ್ಟೇ ಅಂದಳು.

ಪರಸಪ್ಪ ಫೋನು ಹಿಡಿದುಕೊಂಡು ಹಿತ್ತಲಿಗೆ ಹೋಗಿ ಬೇವಿನ ಗಿಡದ ಬುಡದಲ್ಲಿ ಕೂತ. ಸೊಸೆ ಹೇಳಿದ ಗುಂಡಿ ಅವನಿಗೂ ಗೊತ್ತಿತ್ತು, ಕಸದ ಡಬ್ಬಿಯ ಚಿತ್ರ. ಹೆಬ್ಬೆರಳು ಅದರ ಹತ್ತಿರ ಹೋಯಿತು.

ಅವನಿಗೆ ಹತ್ತು ಹನ್ನೆರಡು ವರ್ಷದವನಿದ್ದಾಗಿನ ಒಂದು ಸಂಗತಿ ನೆನಪಾಯಿತು. ಊರ ಕುರಿದೊಡ್ಡಿಯಿಂದ ಏಳು ಕುರಿ ಹೋಗಿದ್ದವು. ಕಳ್ಳರು ಶಾಣ್ಯಾರು, ಜಾಲಿಯ ಟೊಂಗೆಯಿಂದ ಹೆಜ್ಜೆ ಗುಡಿಸಿಕೊಂಡೇ ಹೋಗಿದ್ದರು. ಅವನ ಅಪ್ಪ ನಾಯಿ ಬಿಡುವ ಮೊದಲೇ ನೆಲ ನೋಡಿ ನಕ್ಕಿದ್ದ. "ಹೆಜ್ಜಿ ಬಿಟ್ಟಿದ್ರ ಕುರಿ ದಾರಿ ತಪ್ಪಿದ್ವೋ ಏನೋ ಅಂತಿದ್ನಿ. ಗುಡಿಸ್ಯಾನ. ಅಂದ್ರ ಕಳ್ಳನಽ." ಟೊಂಗೆ ಎಳೆದ ಗೀರಿನ ಹಿಂದೆಯೇ ಹೋಗಿ ಮಧ್ಯಾಹ್ನದೊಳಗೆ ಹಿಡಿದು ತಂದಿದ್ದ.

ಮುದುಕ ಹೆಬ್ಬೆರಳು ಹಿಂದಕ್ಕೆ ತಗೊಂಡ. ಫೋನನ್ನು ಅಂಗಿಯ ಒಳಜೇಬಿಗೆ ಹಾಕಿ ಗುರುಸಿದ್ದನ ಮನೆಗೆ ಹೋದ.

ಎಲ್ಲವನ್ನೂ ಹೇಳಿದ. ಗುರುಸಿದ್ದ ಅಂದ, "ಒಂದ ನಾಯಿ ಕಾಲು ತೋರಿಸಿ ಹೊಗಳಿಸಿಕೊಳ್ಳಾಕ ನನ್ನ ಮಗನ್ನ ಕೊಟ್ಟಿ ಕಾಕಾ."

"ಹೌದಪಾ."

"ಮುಂಜಾನಿ ನಾ ಬಂದಾಗರೆ ಹೇಳಬಾರದಾ?"

"ಬಾಯಿ ಹೊರಡಲಿಲ್ಲ."

ಗುರುಸಿದ್ದ ಎದ್ದು ಒಳಗೆ ಹೋದ. ಇನ್ನು ಬಾಗಿಲು ಹಾಕಿಕೊಳ್ಳುತ್ತಾನೆ ಎಂದು ಪರಸಪ್ಪ ಅಂದುಕೊಂಡ. ಅವನು ರುಮಾಲು ಸುತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಬಂದ. "ನಡಿ. ಜಮಖಂಡಿಗೆ ಹನ್ನೊಂದರ ಬಸ್ ಐತಿ."

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ಕಬ್ಬಿನ ಟ್ರ್ಯಾಕ್ಟರು ಎದುರಾದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು, ಮುದುಕ ಒಳಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಜಮಖಂಡಿಯ ಪೊಲೀಸ್ ಆಫೀಸಿನಲ್ಲಿ ಇದ್ದ ಸಾಹೇಬರು ಹೆಣ್ಣುಮಗಳು. ಕೇತಕಿ ಎಂದು ಹೆಸರು, ಮಂದಿ ಮರ್ಯಾದೆಗೆ ಬಾಯಾರು ಅನ್ನುತ್ತಿದ್ದರು, ಅದೇ ಊರಿನ ಹಳೆಯ ಮನೆತನದವರು, ಮನೆಯಲ್ಲಿ ಮರಾಠಿ, ಹೊರಗೆ ಇಲ್ಲಿಯದೇ ಮಾತು. ಇಬ್ಬರನ್ನೂ ಕೂರಿಸಿ, ನೀರು ಕೊಡಿಸಿ, ಫೋನು ತಗೊಂಡು ಮೇಜಿನ ಮೇಲಿಟ್ಟರು.

"ನೀವಾಗೇ ಬಂದೀರಿ?"

"ನಾನಽ ಬಂದೇನ್ರಿ ಬಾಯಾರ. ಆ ಹುಡುಗಂದ ತಪ್ಪಿಲ್ಲ. ನನ್ನ ಒಳಗ ಹಾಕ್ರಿ, ಅಂವನ್ನ ಬಿಡಸ್ರಿ."

"ಹಂಗ ಅದಲಾಬದಲಿ ಮಾಡಾಕ ಇದು ದನದ ಸಂತಿ ಅಲ್ರಿ ಅಜ್ಜಾರ," ಎಂದರು ಬಾಯಾರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಮೊದಲಿಂದ ಕೇಳೋಣ."

ಮೂರು ತಿಂಗಳ ಮಾತನ್ನು ಒಂದೊಂದಾಗಿ ಹಚ್ಚಿದರು. ಆಫೀಸಿನ ತುಂಬ ಪರಸಪ್ಪನ ದನಿ. ಜಂತಿನ ಔಷಧಿ ಬಂತು, ರೊಟ್ಟಿ ಬಂತು, ಸಾವಳಗಿಯ ನಾಯಿಯ ಕೊಬ್ಬಿನ ಮೇಲೆ ಒಂದು ದೊಡ್ಡ ಭಾಷಣ ಬಂತು. ಬರೆದುಕೊಳ್ಳುತ್ತಿದ್ದ ಪೇದೆ ನಗು ತಡೆಯಲಾರದೆ ಹೊರಗೆ ಹೋದ. ಬಾಯಾರೂ ನಕ್ಕರು. ದುರಗೇಶ ಎರಡು ಸಲ ಒಲ್ಲೆ ಅಂದದ್ದು ಬಂತು, ಮುದುಕ ಸಿಟ್ಟಾದದ್ದು ಬಂತು. ಗುರುಸಿದ್ದ ಅದನ್ನು ಕೇಳಿ ಕಿಟಕಿಯ ಕಡೆ ಮುಖ ತಿರುಗಿಸಿದ.

ಆಮೇಲಿನ ಮಾತುಗಳಿಗೆ ಬಾಯಾರು ನಗಲಿಲ್ಲ. ಒಂದು ಹಾಳೆ ಎಳೆದುಕೊಂಡು ಬರೆಯುತ್ತಾ ಹೋದರು. ಮುಗಿದ ಮೇಲೆ ಹಾಳೆಯನ್ನು ಓದಿದರು.

"ಹೊತ್ತ ಹುಟ್ಟೂದಕ್ಕ ಮೊದಲ ಹೊರಗ ಬಿಡ್ತಾರ. ಬೇಲಿ ಗುಂಟ ಮೂರು ಮೈಲು ಹೋಗಿ, ಬಿಸಲ ಏರೂ ಮೊದಲ ತಿರಗ್ತಾರ. ಒಡಹುಟ್ಟಿದವು ನಾಕೂ ಅಲ್ಲೇ ಅದಾವು, ಹಗಲಿ ಎರಡು ಮಲಗತಾವು. ಮಳಿ ಬಂದ ದಿನ ಹೊರಗ ತಗಿಯೂದಿಲ್ಲ, ಹಸಿ ನೆಲಕ್ಕ ಪಾದ ಬಾತುಕೋತಾವು. ನಿಮ್ಮ ಮಾತ ಹೌದಲ್ರಿ?"

"ಹೌದ್ರಿ. ನಾಯಿ ತಗೊಳ್ಳಾವ್ರು ಕೇಳೂದ ಇದನ್ನಽ."

"ಈಗ ನಾಯಿ ಅನ್ನೂದ ಬಿಟ್ಟು ಓದತೇನಿ, ಕೇಳ್ರಿ. ನಮ್ಮ ಹುಡುಗರು ಬೇಲಿ ನೋಡಾಕ ಯಾವಾಗ ಹೊಂಡತಾರ, ಎಲ್ಲಿ ತನಕ ಹೋಗ್ತಾರ, ಯಾವಾಗ ತಿರಗ್ತಾರ. ಹಗಲಿ ಎಷ್ಟ ಮಂದಿ ಕಡಿಮಿ ಇರ್ತಾರ." ಅವರು ಪೆನ್ನನ್ನು ಕೊನೆಯ ಸಾಲಿನ ಮೇಲಿಟ್ಟರು. "ಮಳಿ ಬಂದ ದಿನ ಬೇಲಿ ಹಂತೇಕ ನಾಯಿ ಇರೂದಿಲ್ಲ. ಚಿತ್ರದ ಹಿಂದ ಹಲಗಿ ಐತಿ, ಅದರ ಮ್ಯಾಲ ಜಾಗಾದ ಹೆಸರೈತಿ. ಆ ನಂಬರ ಪುಣೆದಲ್ರಿ ಅಜ್ಜಾರ. ಆ ರಘುವೀರ ಅನ್ನಾಂವ ಎಲ್ಲೂ ಇಲ್ಲ."

ಪರಸಪ್ಪ ಹಾಳೆಯನ್ನೇ ನೋಡುತ್ತಿದ್ದ. ಅಕ್ಷರ ಅವನಿಗೆ ಕೂಡುತ್ತಿರಲಿಲ್ಲ. ಆದರೆ ಮಳೆ ಕಾಣಿಸಿತು. ಮಳೆಯಲ್ಲಿ ತಂತಿಬೇಲಿ, ಬೇಲಿಯ ಈಚೆ ತಗಡಿನ ಮನೆಯೊಳಗೆ ದುರಗೇಶ ಚಹಾ ಕುಡಿಯುತ್ತಾ ಕೂತದ್ದು, ಚಿಗರಿ ಒಣ ನೆಲದ ಮೇಲೆ ಮುದುಡಿ ಮಲಗಿದ್ದು. ಆಚೆಯಿಂದ ಯಾರೋ ಬೆಟ್ಟು ಮಾಡಿ, ಈಗ ಎನ್ನುವುದು. ಆ ಬೆರಳಿಗೆ ಜಾಗ ತೋರಿಸಿಕೊಟ್ಟದ್ದು ಯಾರು ಎಂಬುದಕ್ಕೆ ಅವನಿಗೆ ಯಾರೂ ಉತ್ತರ ಹೇಳಬೇಕಾಗಿರಲಿಲ್ಲ. ಗುರುಸಿದ್ದ ಅವನ ಮುಖ ನೋಡಿ, ನೀರಿನ ಲೋಟವನ್ನು ಅವನ ಕಡೆ ಸರಿಸಿದ.

"ಮಳಿಗಾಲ ಚಾಲೂ ಆಗೇತೇನ್ರಿ ಅಲ್ಲಿ?" ಎಂದು ಕೇಳಿದ ಮುದುಕ.

"ಇನ್ನ ಆಗಿಲ್ಲ. ಇವತ್ತಽ ಮ್ಯಾಲಿನವರಿಗೆ ತಿಳಿಸತೇನಿ. ಸಂಜಿ ಒಳಗ ಅಲ್ಲಿ ವ್ಯಾಳೆ, ದಾರಿ ಎಲ್ಲಾ ಬದಲ ಮಾಡ್ತಾರ. ನೀವು ಇವತ್ತ ಬಂದಿದ್ದು ಛಲೋ ಆತು."

ಆಮೇಲೆ ಬಾಯಾರು ಕಾಯ್ದೆ ತಿಳಿಸಿ ಹೇಳಿದರು, ಸಾಲೆಯ ಹುಡುಗನಿಗೆ ಹೇಳಿದ ಹಾಗೆ ನಿಧಾನ. "ಹೊಲಕ್ಕ ಬೇಲಿ ಇದ್ದಂಗ ದೇಶಕ್ಕೂ ಐತಿ. ಬೇಲಿ ಕಾಯಾವರ ಸುದ್ದಿನ ಆಚಿಯವರಿಗೆ ಕೊಟ್ಟಂವಗ ಹದಿನಾಕ ವರ್ಷದ ತನಕ ಜೇಲ ಐತ್ರಿ. ಬಿರುಸ ಅನಸತೈತಿ. ಆದ್ರ ಅಲ್ಲಿ ನಿಂತ ಹುಡುಗಗ ನಾವು ಇಲ್ಲಿಂದ ಮತ್ತೇನ ಕೊಡಾಕಾಗತೈತಿ? ಅವನ ಬೆನ್ನ ಹಿಂದ ಈ ಕಾಯ್ದೆ ಒಂದರೆ ಇರ್ಲಿ. ಇನ್ನ, ಗೊತ್ತಿದ್ದು ಕೊಟ್ಟಂವ ಬ್ಯಾರೆ, ಮೋಸ ಹೋಗಿ ಕೊಟ್ಟಂವ ಬ್ಯಾರೆ. ಅದನ್ನ ತೂಗಾವರು ಕೋರ್ಟಿನವರು, ನಾನಲ್ಲ. ತೂಗಾಕ ಅವರ ಕೈಯಾಗ ಏನರೆ ಬೇಕಲ್ಲ. ನೀವು ಇದನ್ನೆಲ್ಲ ಅಳಿಸಿ ಬಂದಿದ್ರ ನಾ ಏನ ಒಯ್ದು ಇಡ್ತಿದ್ನಿ?"

"ದುರಗೇಶ ಉಳಿತಾನೇನ್ರಿ?" ಗುರುಸಿದ್ದ ಆ ಆಫೀಸಿನಲ್ಲಿ ಆಡಿದ್ದು ಅದೊಂದೇ ಮಾತು.

"ತಪ್ಪು ತಪ್ಪಽ ರೀ. ಬ್ಯಾಡ ಅಂದಿದ್ದನ್ನ ಮಾಡ್ಯಾನ, ಶಿಕ್ಷೆ ತಪ್ಪೂದಿಲ್ಲ. ಆದ್ರ ಮಾರಿಕೊಂಡಾಂವ ಅಂತ ಅವಗ ಇನ್ನ ಯಾರೂ ಅನ್ನಾಕ ಬರೂದಿಲ್ಲ. ಅಜ್ಜಾರ ಬೈದಿದ್ದು ಇದರಾಗೈತಿ."

ಫೋನನ್ನು ಕವರಿನಲ್ಲಿ ಹಾಕಿ ಅರಗು ಒತ್ತಿದರು. ಮುದುಕನ ಹೇಳಿಕೆ ಬರೆದು, ಓದಿ ಹೇಳಿ, ಸಹಿ ತಗೊಂಡರು. ಕರೆದಾಗ ಬರಬೇಕು, ಹೇಳದೆ ಊರು ಬಿಡಬಾರದು ಎಂದರು. ಹದಿನೈದು ದಿನಕ್ಕೆ ಕೋರ್ಟಿನಲ್ಲಿ ನ್ಯಾಯಾಧೀಶರ ಮುಂದೆ ನಿಲ್ಲಬೇಕಾಯಿತು. ಅಲ್ಲಿಯೂ ಪರಸಪ್ಪ ಅಷ್ಟೇ ಹೇಳಿದ. ನಾ ಕೇಳಿದ್ನಿ, ಅಂವ ಒಲ್ಲೆ ಅಂದ, ನಾ ಬೈದ್ನಿ, ಅಂವ ಕಳಿಸಿದ. ಕೊನೆಗೆ ಪೊಲೀಸರು ಅವನನ್ನು ಸಾಕ್ಷಿ ಮಾಡಿದರು. ಆ ನಂಬರನ್ನು ಹೊರಗಿನವರಿಗೆ ಒದಗಿಸಿಕೊಟ್ಟ ಇಬ್ಬರು ಬೇರೆ ರಾಜ್ಯದಲ್ಲಿ ಸಿಕ್ಕರು, ಅವರ ಮೇಲೆ ಖಟ್ಲೆ ನಡೆದಿದೆ. ಮುದುಕ ತಾರೀಖು ತಪ್ಪಿಸದೆ ಹೋಗುತ್ತಾನೆ. ರಾಜೇಶ್ವರಿ ರಜೆ ಹಾಕಿ ಜೊತೆಗೆ ಹೋಗುತ್ತಾಳೆ. ಬಸ್ಸಿನಲ್ಲಿ ಒಂದು ಸಲ ಅವಳೇ ಅಂದಳು, "ಮಾವಾರ, ಅವತ್ತ ನಾ ಹಂಗ ಹೇಳಬಾರದಿತ್ತು." "ನೀ ನನ್ನ ಮ್ಯಾಲಿನ ಮಾಯಾಕ್ಕ ಹೇಳಿದಿ ತಾಯಿ," ಅಂದ ಇವನು.

ಮಳೆಗಾಲ ಕಳೆದು ಬೆಳ್ಳಿ ಐದು ಮರಿ ಹಾಕಿದಳು. ರಬಕವಿಯಿಂದ ಒಬ್ಬ ನೇಕಾರ ಬಂದು ಮರಿ ಕೇಳಿದ. ಅವನೂ ತಿಳಿದವನೇ, ಹಿಂದಿನ ಸೂಲಿನವು ಎಲ್ಲಿ ಅದಾವ್ರಿ ಅಂದ. ಪರಸಪ್ಪ ಗೋಣಿತಟ್ಟು ಸರಿಸಿದ. "ತಾಯಿ ಇಲ್ಲೇ ಐತಿ, ನೋಡ್ಕೋರಿ. ತಂದಿ ಸಾವಳಗ್ಯಾಗ ಐತಿ, ಬೇಕಾದ್ರ ಕರಕೊಂಡ ಹೊಕ್ಕೇನಿ. ಉಳಿದವು ಕೆಲಸದ ಮ್ಯಾಲ ಅದಾವು." ಯಾವ ಕೆಲಸ ಎಂದು ಆ ಮನುಷ್ಯ ಕೇಳಿದ. "ಕೆಲಸ," ಅಂದ ಮುದುಕ. ಪೂರಾ ಬಳಗ ತೋರಿಸದೆ ಅವನು ಕೊಟ್ಟ ಮೊದಲನೆಯ ಮರಿ ಅದು. ಕೊಟ್ಟಮೇಲೆ ಅಪ್ಪನನ್ನು ನೆನೆದು, ಗೋಣಿತಟ್ಟನ್ನು ಮತ್ತೆ ಬುಟ್ಟಿಯ ಮೇಲೆ ಎಳೆದ.

ದೀಪಾವಳಿಯ ಹಿಂದಿನ ವಾರ ದುರಗೇಶ ರಜೆಯ ಮೇಲೆ ಬಂದ. ನೌಕರಿ ಉಳಿದಿತ್ತು. ಬಡ್ತಿ ಹೋಗಿತ್ತು, ಇಪ್ಪತ್ತೆಂಟು ದಿನ ಒಳಗೆ ಇಟ್ಟಿದ್ದರು, ಜಾಗ ಬದಲಿಸಿ ಉಗ್ರಾಣದ ಕೆಲಸಕ್ಕೆ ಹಾಕಿದ್ದರು. ಚಿಗರಿಯ ಹಗ್ಗ ಬೇರೆಯವನ ಕೈಗೆ ಹೋಗಿತ್ತು. ಇದೆಲ್ಲ ಪರಸಪ್ಪನಿಗೆ ಗುರುಸಿದ್ದನಿಂದ ತಿಳಿದಿತ್ತು. ಹುಡುಗ ಅಂಗಳಕ್ಕೆ ಬಂದಾಗ ಅವನು ಬೆಳ್ಳಿಯ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದ. ದುರಗೇಶ ಕಾಲು ಮುಟ್ಟಿ ನಮಸ್ಕಾರ ಮಾಡಿ ಅದೇ ಕಲ್ಲಿನ ಮೇಲೆ ಕೂತ. ಮರಿಗಳು ಅವನ ಬೂಟಿನ ದಾರ ಎಳೆದವು.

"ಯಾಕೋ, ನನ್ನ ಹೆಸರ ಹೇಳಲಿಲ್ಲ ಅಲ್ಲಿ?" ಎಂದ ಮುದುಕ, ತಲೆ ಎತ್ತದೆ.

"ಹೇಳಿದ್ರ ನಿಮ್ಮನ್ನ ಅಲ್ಲಿ ತನಕ ಎಳಕೊಂಡ ಬರತಿದ್ರು ಮುತ್ಯಾ. ರೈಲಿನಾಗ ಎರಡ ದಿನದ ದಾರಿ. ನಿಮಗ ಬಸ್ಸಿನಾಗಽ ಹೊಟ್ಟಿ ತೊಳಸತೈತಿ."

ಮುದುಕನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು ಬಂತು. ಒರಸಿಕೊಳ್ಳದೆ ರೊಟ್ಟಿ ಮುರಿಯುತ್ತಾ ಹೋದ.

ಮುದುಕನ ನಾಲಿಗೆಯ ತುದಿಯಲ್ಲಿ ಪ್ರಶ್ನೆಗಳು ಸಾಲಾಗಿ ನಿಂತಿದ್ದವು. ಎಂಥ ನೆಲ, ಯಾರು ಜೊತೆಗೆ, ಎಷ್ಟು ಓಟ, ಯಾವ ಹೊತ್ತು. ಒಂದೊಂದನ್ನೂ ಅವನು ನುಂಗಿಕೊಂಡ.

"ಅಕಿನ್ನ ಕೇಳೂದಿಲ್ಲೇನ ಮುತ್ಯಾ?" ಎಂದ ದುರಗೇಶ.

ಪರಸಪ್ಪ ಯೋಚನೆ ಮಾಡಿದ. ಕೊನೆಗೆ ಒಂದು ಪ್ರಶ್ನೆ ಉಳಿದಿತ್ತು, ಅದನ್ನು ಯಾರು ಕೇಳಿಸಿಕೊಂಡರೂ ಅಡ್ಡಿ ಇರಲಿಲ್ಲ.

"ಉಣ್ತಾಳೇನು?"

"ಹಗ್ಗ ಬ್ಯಾರೆದವನ ಕೈಗೆ ಹೋದ ಮ್ಯಾಲ ಎರಡ ದಿನ ಮೂಸಿ ಸೈತ ನೋಡ್ಲಿಲ್ಲಂತ. ಮೂರನೇ ದಿನ ಉಂಡಾಳ. ಈಗ ಉಣ್ತಾಳಂತ."

"ಉಣ್ತಾಳಲ್ಲ," ಅಂದ ಮುದುಕ. ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ದುರಗೇಶನ ಕಡೆ ಚಾಚಿದ. "ತಗೋ, ಬೆಳ್ಳಿಗೆ ನೀನಽ ಹಾಕು. ನಿನ್ನ ಕೈಯಾಗ ಮಗಳ ವಾಸನಿ ಇನ್ನ ಇದ್ದೀತು."

ಬೆಳ್ಳಿ ರೊಟ್ಟಿ ಬಿಟ್ಟು ಮೊದಲು ಅವನ ಅಂಗೈ ಮೂಸಿದಳು, ಬಹಳ ಹೊತ್ತು ಮೂಸಿದಳು.